ನೋಂದಣಿ ನನ್ನ ಹೆಸರಿನಲ್ಲಿದೆ

ಕಾಯಂ ಕೆಲಸಕ್ಕೆ ರಾಜೀನಾಮೆ ಕೊಟ್ಟಾಗ ಆಸ್ಪತ್ರೆಗೆ ಹಿಂತಿರುಗಿಸಬೇಕಾದ ಸಾಮಾನು ಹೆಚ್ಚೇನೂ ಇರುವುದಿಲ್ಲ. ಲಾಕರಿನ ಬೀಗದ ಕೈ, ಹಿಂಬಾಗಿಲಿನ ಕಾರ್ಡು, ಆಸ್ಪತ್ರೆಯ ಹೆಸರು ಹೊಲಿದಿರುವ ಕಡುಹಸಿರು ಅಂಗಿ. ಕಂಪ್ಯೂಟರಿನ ಪಾಸ್‌ವರ್ಡನ್ನು ಅವರೇ ಸಂಜೆಯೊಳಗೆ ರದ್ದು ಮಾಡಿರುತ್ತಾರೆ. ವೃತ್ತಿಯ ರಿಜಿಸ್ಟರಿನಲ್ಲಿರುವ ಹೆಸರನ್ನು ಮಾತ್ರ ಯಾರೂ ವಾಪಸ್ ಕೇಳುವುದಿಲ್ಲ. ಅದನ್ನು ಆಸ್ಪತ್ರೆ ಕೊಟ್ಟಿರಲಿಲ್ಲ. ಹಾಗಾಗಿ ಅದನ್ನು ಉಳಿಸಿಕೊಡುವ ಹೊಣೆಯೂ ಆಸ್ಪತ್ರೆಯ ಮೇಲಿಲ್ಲ. ಕಾಯಂ ನೌಕರಿಯಲ್ಲಿರುವವರೆಗೆ ಇದು ಅಷ್ಟಾಗಿ ಮನಸ್ಸಿಗೆ ತಟ್ಟುವುದಿಲ್ಲ. ಹೊರಗೆ ಬಂದ ಮೇಲೆ ಪ್ರತಿ ತಿಂಗಳೂ ತಟ್ಟುತ್ತದೆ.

ನಾನು ಇಂಗ್ಲೆಂಡಿನ ರೆಡಿಂಗ್‌ನಲ್ಲಿರುವ ರಿಜಿಸ್ಟರ್ಡ್ ವೆಟರ್ನರಿ ನರ್ಸ್. ಊರು ಅರಸೀಕೆರೆ ಕಡೆ. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಡಿಪ್ಲೊಮಾ ಸೇರಿ, ಆಸ್ಪತ್ರೆಯೊಂದರಲ್ಲಿ ತರಬೇತಿ ಮುಗಿಸಿ, ಅಲ್ಲಿಯೇ ಹಲವು ವರ್ಷ ದುಡಿದೆ. ಈ ದೇಶದಲ್ಲಿ ವೆಟರ್ನರಿ ನರ್ಸ್ ಆಗಬೇಕಾದರೆ ತರಗತಿಯ ಪಾಠದ ಜೊತೆ ಕನಿಷ್ಠ 1,800 ಗಂಟೆ ಆಸ್ಪತ್ರೆಯಲ್ಲಿ ಕೈಕೆಲಸ ಕಲಿಯಬೇಕು. ಮಗ ಹುಟ್ಟಿದ ಮೇಲೆ, ಅಮ್ಮನ ಮಂಡಿ ಆಪರೇಷನ್ನಿಗೆಂದು ಊರಿಗೆ ಹೋಗಿ ಬರುವುದು ಶುರುವಾದ ಮೇಲೆ, ರಾತ್ರಿ ಪಾಳಿಯಿದ್ದ ಆ ಕೆಲಸ ನಮ್ಮ ಮನೆಗೆ ಹೊಂದಲಿಲ್ಲ. ಈಗ ವಾರದಲ್ಲಿ ಕೆಲವು ದಿನ ಬೇರೆ ಬೇರೆ ಆಸ್ಪತ್ರೆಗಳಲ್ಲಿ ಲೋಕಮ್, ಅಂದರೆ ರಜೆ ಹಾಕಿದವರ ಬದಲಿ ಕೆಲಸ ಮಾಡುತ್ತೇನೆ. ಕೆಲವು ಸಂಜೆ ಮನೆಯಲ್ಲೇ ಕುಳಿತು ಸಾಕುಪ್ರಾಣಿಗಳ ಸಹಾಯವಾಣಿಯ ಫೋನ್ ಎತ್ತುತ್ತೇನೆ. ಆಗೊಮ್ಮೆ ಈಗೊಮ್ಮೆ ನಾಯಿಗಳ ರಕ್ತದಾನ ಶಿಬಿರಕ್ಕೆ ಹೋಗುತ್ತೇನೆ.

ನಮ್ಮ ಕಡೆಯವರಿಗೆ ದನದ ಡಾಕ್ಟರು ಗೊತ್ತು, ಕಾಂಪೌಂಡರು ಗೊತ್ತು. ಪ್ರಾಣಿಗಳಿಗೂ ನರ್ಸ್ ಇರುತ್ತಾರೆಂದರೆ ಅಚ್ಚರಿ. ಅಂಥವರಿಗೊಂದು ನೋಂದಣಿ, ಅದನ್ನು ಕಾಪಾಡಿಕೊಳ್ಳಲು ವರ್ಷವಿಡೀ ಓದು, ಲೆಕ್ಕ, ಶುಲ್ಕ ಎಂದರೆ ಇನ್ನೂ ಅಚ್ಚರಿ. ಕೆಲಸ ಬಿಟ್ಟವಳಿಗೆ ಇದೆಲ್ಲ ಏಕೆ ಬೇಕು ಎಂದು ನಮ್ಮ ಮನೆಯವರೇ ಕೇಳಿದ್ದಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಬ್ರಿಟನ್ನಿನಲ್ಲಿ ಪಶುವೈದ್ಯರ ಮತ್ತು ಪಶುವೈದ್ಯ ನರ್ಸ್‌ಗಳ ರಿಜಿಸ್ಟರ್ ಇಟ್ಟಿರುವುದು ರಾಯಲ್ ಕಾಲೇಜ್ ಆಫ್ ವೆಟರ್ನರಿ ಸರ್ಜನ್ಸ್. 1844ರಲ್ಲಿ ರಾಜಸನ್ನದು ಪಡೆದ ಸಂಸ್ಥೆ. ಹೆಸರಿನಲ್ಲಿ ಕಾಲೇಜ್ ಎಂದಿದ್ದರೂ ಅಲ್ಲಿ ಪಾಠ ನಡೆಯುವುದಿಲ್ಲ. ಯಾರು ಈ ವೃತ್ತಿ ಮಾಡಬಹುದು, ಹೇಗೆ ಮಾಡಬೇಕು ಎಂಬುದನ್ನು ನೋಡಿಕೊಳ್ಳುವುದೇ ಅದರ ಕೆಲಸ. ನರ್ಸ್‌ಗಳಿಗೆ ಅದು ತರಬೇತಿ ವ್ಯವಸ್ಥೆ ಮಾಡಿದ್ದು 1961ರಲ್ಲಿ. ಆಗ ನಮ್ಮನ್ನು ಪ್ರಾಣಿ ಶುಶ್ರೂಷಾ ಸಹಾಯಕರು ಎನ್ನುತ್ತಿದ್ದರು. ವೆಟರ್ನರಿ ನರ್ಸ್ ಎಂಬ ಹೆಸರು ಬಂದದ್ದು 1984ರಲ್ಲಿ. ನಮ್ಮದೇ ರಿಜಿಸ್ಟರ್ ತೆರೆದದ್ದು 2007ರಲ್ಲಿ. ತಪ್ಪು ಮಾಡಿದವರನ್ನು ವಿಚಾರಣೆ ಮಾಡುವ ಶಿಸ್ತು ಸಮಿತಿ ಬಂದದ್ದು 2011ರಲ್ಲಿ. 2015ರ ಹೊಸ ರಾಜಸನ್ನದಿನ ನಂತರ ನಾವು ಕಾಲೇಜಿನ ಸಹವರ್ತಿಗಳಾದೆವು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನಮ್ಮ ಹಿರಿಯ ನರ್ಸ್‌ಗಳು ಕೇಳುತ್ತಾ ಬಂದದ್ದರ ಫಲ ಇದು. ಅದನ್ನು ನೆನೆದಾಗ ಈ ನೋಂದಣಿಯನ್ನು ಹಗುರವಾಗಿ ಕಾಣಲು ನನಗೆ ಮನಸ್ಸು ಬರುವುದಿಲ್ಲ.

ನೋಂದಣಿಯಿಂದ ಸಿಗುವುದೇನು ಎಂಬುದಕ್ಕೆ ಉತ್ತರ 1966ರ ವೆಟರ್ನರಿ ಸರ್ಜನ್ಸ್ ಕಾಯ್ದೆಯಲ್ಲಿದೆ. ರೋಗ ಪತ್ತೆ, ಚಿಕಿತ್ಸೆ, ಶಸ್ತ್ರಕ್ರಿಯೆ ಎಲ್ಲವೂ ಪಶುವೈದ್ಯರಿಗೆ ಮೀಸಲು ಎಂದು ಅದು ಹೇಳುತ್ತದೆ. ಆ ಕಾಯ್ದೆಗೆ ಮೂರನೇ ಪರಿಶಿಷ್ಟವೊಂದಿದೆ. ಇಲ್ಲಿ ಎಲ್ಲರ ಬಾಯಲ್ಲೂ ಅದು 'ಶೆಡ್ಯೂಲ್ ಥ್ರೀ'. ಅದಕ್ಕೆ 1991ರಲ್ಲಿ ಮಾಡಿದ ತಿದ್ದುಪಡಿ ನರ್ಸ್‌ಗಳಿಗೆ ಬಾಗಿಲು ತೆರೆಯಿತು. ಪಶುವೈದ್ಯರು ಹೇಳಿದಂತೆ ಔಷಧಿ ಕೊಡಬಹುದು, ಇಂಜೆಕ್ಷನ್ ಮಾಡಬಹುದು, ರಕ್ತನಾಳಕ್ಕೆ ಕ್ಯಾನುಲಾ ಹಾಕಬಹುದು, ದೇಹದ ಒಳಪೊಳ್ಳನ್ನು ತೆರೆಯದ ಸಣ್ಣ ಶಸ್ತ್ರಕ್ರಿಯೆ ಮಾಡಬಹುದು. ಚರ್ಮದ ಗಾಯಕ್ಕೆ ಹೊಲಿಗೆ ಹಾಕಬಹುದು, ಹಲ್ಲಿನ ಗಾರೆ ತೆಗೆಯಬಹುದು. ಹೊಟ್ಟೆ ತೆರೆಯುವಂತಿಲ್ಲ. ಇದು ಯಾವ ರೋಗವೆಂದು ತೀರ್ಮಾನಿಸುವಂತಿಲ್ಲ.

ಈ ಅನುಮತಿಗೆ ಇನ್ನೊಂದು ಕಟ್ಟಿದೆ; ಹೊರಗಿನಿಂದ ನೋಡುವವರಿಗೆ ಅದು ಕಾಣುವುದಿಲ್ಲ. ಆ ಪ್ರಾಣಿ ಒಬ್ಬ ಪಶುವೈದ್ಯರ ಆರೈಕೆಯಲ್ಲಿರಬೇಕು. ನನಗೆ ಸೂಚನೆ ಕೊಡುವ ಪಶುವೈದ್ಯರು ನನ್ನ ಮಾಲೀಕರಾಗಿರಬೇಕು, ಇಲ್ಲವೇ ಮಾಲೀಕರ ಪರವಾಗಿ ಸೂಚನೆ ಕೊಡುತ್ತಿರಬೇಕು. ಈ ಕೆಲಸ ಇವಳಿಗೆ ಬರುತ್ತದೆ ಎಂಬ ಸಮಾಧಾನವೂ ಅವರಿಗಿರಬೇಕು. ಅಂದರೆ ರಿಜಿಸ್ಟರಿನಲ್ಲಿ ಹೆಸರಿದೆ ಎಂಬ ಒಂದೇ ಕಾರಣಕ್ಕೆ ನಾನು ಪಕ್ಕದ ಮನೆಯ ಬೆಕ್ಕಿಗೆ ಇಂಜೆಕ್ಷನ್ ಚುಚ್ಚುವಂತಿಲ್ಲ, ಮನೆಯ ಮುಂದೆ ಬೋರ್ಡು ಹಾಕಿಕೊಂಡು ಕೂರುವಂತಿಲ್ಲ. ಲೋಕಮ್ ಆಗಿ ಹೋದ ದಿನ ಆ ಆಸ್ಪತ್ರೆಯ ವೆಟ್, ಅಂದರೆ ಪಶುವೈದ್ಯರು, ನನಗೆ ಸೂಚನೆ ಕೊಡುತ್ತಾರೆ, ನಾನು ಮಾಡುತ್ತೇನೆ. ಸಂಜೆ ಬಾಗಿಲು ದಾಟಿದ ಮೇಲೆ ಆ ಅಧಿಕಾರ ಅಲ್ಲಿಗೆ ನಿಲ್ಲುತ್ತದೆ, ಹೊಣೆ ಮಾತ್ರ ನನ್ನ ಜೊತೆ ಮನೆಗೆ ಬರುತ್ತದೆ.

ಪಶುವೈದ್ಯರು ಕೆಲಸ ವಹಿಸುವ ಮೊದಲು ಸಮಾಧಾನ ಪಡಬೇಕೆಂದು ಕಾಯ್ದೆ ಹೇಳುತ್ತದಲ್ಲ, ಕಾಯಂ ಕೆಲಸದಲ್ಲಿ ಅದು ತಾನಾಗಿಯೇ ಆಗಿಹೋಗುತ್ತದೆ. ವರ್ಷಗಟ್ಟಲೆ ಜೊತೆಗೆ ದುಡಿದ ವೆಟ್‌ಗೆ ನನ್ನ ಕೈ ಎಷ್ಟು ಪಳಗಿದೆ ಎಂಬುದು ಗೊತ್ತಿರುತ್ತದೆ. ಲೋಕಮ್‌ಗೆ ಆ ಅನುಕೂಲವಿಲ್ಲ. ಬೆಳಗ್ಗೆ ಎಂಟಕ್ಕೆ ಮೊದಲ ಸಲ ಮುಖ ನೋಡುತ್ತೇವೆ, ಒಂಬತ್ತೂವರೆಗೆ ಒಂದು ಜೀವ ನಮ್ಮಿಬ್ಬರ ನಡುವೆ ಪ್ರಜ್ಞೆ ತಪ್ಪಿ ಮಲಗಿರುತ್ತದೆ. ಅದಕ್ಕೇ ಅವರು ಕೇಳದಿದ್ದರೂ ನಾನು ಹೇಳಿಬಿಡುತ್ತೇನೆ: ಇದು ಬರುತ್ತದೆ, ಇದನ್ನು ಮಾಡಿ ತುಂಬ ದಿನವಾಯಿತು, ಇದನ್ನು ನಾನು ಮಾಡುವುದಿಲ್ಲ. ಸಂಕೋಚಪಟ್ಟು ತಲೆಯಾಡಿಸಿದರೆ ಅದರ ಬೆಲೆ ತೆರುವುದು ಪ್ರಾಣಿ.

ಹೊಸ ಆಸ್ಪತ್ರೆಯಲ್ಲಿ ನನ್ನ ಮೊದಲ ಕೆಲಸ ಅರಿವಳಿಕೆ ಯಂತ್ರದ ಮುಂದೆ ನಿಲ್ಲುವುದು. ಪ್ರತಿ ಆಸ್ಪತ್ರೆಯ ಯಂತ್ರವೂ ಬೇರೆ ತರಹ. ಕೆಲವು ಕಡೆ ಐಸೋಫ್ಲುರೇನ್, ಕೆಲವು ಕಡೆ ಸೆವೋಫ್ಲುರೇನ್. ಯಂತ್ರದಲ್ಲಿ ಪುಟ್ಟ ತಿರುಗಣೆಯಂಥ ಕವಾಟವೊಂದಿರುತ್ತದೆ. ಹೆಚ್ಚಾದ ಅನಿಲ ಹೊರಹೋಗುವುದು ಅದರ ಮೂಲಕ. ಎಲ್ಲಾದರೂ ಸೋರಿಕೆ ಇದೆಯೇ ಎಂದು ಪರೀಕ್ಷಿಸುವಾಗ ಅದನ್ನು ಮುಚ್ಚಿ, ಕೊಳವೆಯ ಬಾಯಿಯನ್ನು ಹೆಬ್ಬೆರಳಿನಿಂದ ಅದುಮಿ ಹಿಡಿದು, ಚೀಲದಲ್ಲಿ ಆಮ್ಲಜನಕ ತುಂಬಿಸುತ್ತೇವೆ. ಚೀಲ ಬಿಗಿಯಾಗಿ ನಿಂತರೆ ಸರಿ, ಸೊರಗಿದರೆ ಸೋರುತ್ತಿದೆ. ಪರೀಕ್ಷೆ ಮುಗಿದ ಮೇಲೆ ಕವಾಟವನ್ನು ಮತ್ತೆ ತೆರೆಯಲೇಬೇಕು. ಮುಚ್ಚಿದ ಕವಾಟಕ್ಕೆ ಬೆಕ್ಕೊಂದನ್ನು ಜೋಡಿಸಿದರೆ ಒಳಗಿನ ಒತ್ತಡ ಏರುತ್ತಾ ಹೋಗಿ, ಶ್ವಾಸಕೋಶ ಹಿಗ್ಗಿ, ಹೃದಯಕ್ಕೆ ರಕ್ತ ಮರಳುವುದೇ ನಿಂತು, ಕೆಲವೇ ನಿಮಿಷಗಳಲ್ಲಿ ಅದು ಸತ್ತುಹೋಗಬಹುದು. ಆ ತಿರುಗಣೆ ಕೆಲವು ಯಂತ್ರಗಳಲ್ಲಿ ಕಣ್ಣೆದುರೇ ಇರುತ್ತದೆ, ಕೆಲವದರಲ್ಲಿ ಹಿಂದೆ ಅಡಗಿರುತ್ತದೆ. ಎಲ್ಲಿದೆ, ಯಾವ ಕಡೆ ತಿರುಗಿಸಿದರೆ ತೆರೆಯುತ್ತದೆ ಎಂದು ಕೈಯಲ್ಲೇ ಮುಟ್ಟಿ ನೋಡಿಕೊಳ್ಳದೆ ನಾನು ಮೊದಲ ರೋಗಿಯನ್ನು ಒಳಗೆ ಕರೆಸುವುದಿಲ್ಲ.

ಅದಾದ ಮೇಲೆ ತುರ್ತು ಔಷಧಿಗಳ ಪೆಟ್ಟಿಗೆ ಎಲ್ಲಿದೆ, ಬಿಡಿ ಆಮ್ಲಜನಕದ ಸಿಲಿಂಡರಿನಲ್ಲಿ ಎಷ್ಟು ಉಳಿದಿದೆ, ನಿಯಂತ್ರಿತ ಔಷಧಿಗಳ ಕಪಾಟಿನ ಕೀಲಿ ಯಾರ ಬಳಿ ಇದೆ ಎಂದು ಕೇಳುತ್ತೇನೆ. ಕೀಟಮಿನ್, ಮೆಥಡೋನ್‌ಗಳನ್ನು ಬೀಗದೊಳಗೇ ಇಡಬೇಕು. ತೆಗೆದದ್ದು ಎಷ್ಟು, ಯಾವ ಪ್ರಾಣಿಗೆ, ಉಳಿದದ್ದೆಷ್ಟು ಎಂಬುದನ್ನೆಲ್ಲ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಒಂದು ದಿನಕ್ಕೆ ಬಂದವಳ ಸಹಿಯೂ ಆ ಪುಸ್ತಕದಲ್ಲಿ ವರ್ಷಗಟ್ಟಲೆ ಉಳಿಯುತ್ತದೆ.

ಬದಲಿ ಕೆಲಸಕ್ಕೆ ಹೊರಡುವವರು ಇನ್ನೊಂದು ವಿಚಾರವನ್ನು ಮೊದಲೇ ಕೇಳಿಕೊಳ್ಳಬೇಕು. ವೃತ್ತಿಯಲ್ಲಿ ಏನಾದರೂ ಹೆಚ್ಚುಕಡಿಮೆಯಾದರೆ ಪರಿಹಾರ ಕೊಡುವಂಥ ವಿಮೆ ಇರಬೇಕೆಂದು ನಮ್ಮ ನಡತೆ ಸಂಹಿತೆ ಹೇಳುತ್ತದೆ. ಕಾಯಂ ನೌಕರರಿಗೆ ಸಾಮಾನ್ಯವಾಗಿ ಆಸ್ಪತ್ರೆಯ ವಿಮೆಯೇ ಸಾಕಾಗುತ್ತದೆ. ಲೋಕಮ್ ಆದವರು ನಾನೂ ಅದರೊಳಗೆ ಬರುತ್ತೇನೆಯೇ ಎಂದು ಬಾಯಿಬಿಟ್ಟು ಕೇಳಬೇಕು, ಉತ್ತರವನ್ನು ಬರವಣಿಗೆಯಲ್ಲಿ ತರಿಸಿಕೊಳ್ಳಬೇಕು. ಹೊಸದಾಗಿ ಈ ಕೆಲಸಕ್ಕೆ ಬರುವ ಹುಡುಗಿಯರು ಗಂಟೆಗೆ ಎಷ್ಟು ಕೊಡುತ್ತಾರೆ ಎಂದು ಮಾತ್ರ ಕೇಳುವುದನ್ನು ನೋಡಿದಾಗ ನನಗೆ ಆತಂಕವಾಗುತ್ತದೆ.

ಇನ್ನು ಕಲಿಕೆಯ ಮಾತು. ನೋಂದಾಯಿತ ನರ್ಸ್ ಪ್ರತಿ ವರ್ಷ 15 ಗಂಟೆ ಹೊಸದನ್ನು ಕಲಿತು ದಾಖಲಿಸಬೇಕು; ಪಶುವೈದ್ಯರಿಗೆ 35 ಗಂಟೆ. ಇಲ್ಲಿ ಇದಕ್ಕೆ ಸಿಪಿಡಿ ಎನ್ನುತ್ತಾರೆ. ಮೊದಲು ಮೂರು ವರ್ಷಕ್ಕೆ 45 ಗಂಟೆ ಎಂದಿತ್ತು, 2020ರಿಂದ ವರ್ಷದ ಲೆಕ್ಕವಾಯಿತು. ಪೂರ್ಣಾವಧಿ ದುಡಿಯುವವರಿಗೂ ವಾರಕ್ಕೊಂದು ದಿನ ದುಡಿಯುವವರಿಗೂ ಗಂಟೆ ಅಷ್ಟೇ. ಇದು ಅನ್ಯಾಯವೆಂದು ಗೊಣಗುವವರಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ದಿನವೂ ಆಸ್ಪತ್ರೆಯಲ್ಲಿರುವವಳ ಕಿವಿಗೆ ಹೊಸ ವಿಷಯ ತಾನಾಗಿಯೇ ಬೀಳುತ್ತದೆ. ಚಹಾ ಕುಡಿಯುವಾಗಲೂ ಯಾವುದೋ ಪ್ರಕರಣದ ಚರ್ಚೆ ನಡೆಯುತ್ತಿರುತ್ತದೆ. ಹೊರಗಿರುವವಳು ಹುಡುಕಿಕೊಂಡು ಹೋಗಬೇಕು. ವಾರಕ್ಕೊಂದೇ ದಿನ ಸೂಜಿ ಹಿಡಿಯುವವಳು ಕಡಿಮೆ ಕಲಿತರೂ ನಡೆಯುತ್ತದೆಂದು ಆ ಸೂಜಿಯ ಕೆಳಗಿರುವ ಪ್ರಾಣಿಗೆ ಹೇಳಲು ಬರುವುದಿಲ್ಲ.

ಕಷ್ಟವಿರುವುದು ದುಡ್ಡು ಮತ್ತು ಸಮಯದ್ದು. ಕಾಯಂ ನೌಕರರಿಗೆ ಬಹುತೇಕ ಆಸ್ಪತ್ರೆಗಳು ತರಬೇತಿಗೆಂದು ವರ್ಷಕ್ಕಿಷ್ಟು ಹಣ, ಸಂಬಳದ ರಜೆ ಕೊಡುತ್ತವೆ. ನನ್ನಂಥವರು ಕೋರ್ಸಿನ ಶುಲ್ಕವನ್ನೂ ಕೊಡಬೇಕು, ಆ ದಿನದ ಕೂಲಿಯನ್ನೂ ಬಿಡಬೇಕು. ಆದರೆ ಸಿಪಿಡಿ ಎಂದರೆ ಹೋಟೆಲ್ಲಿನ ಸಭಾಂಗಣದಲ್ಲಿ ನಡೆಯುವ ದುಬಾರಿ ಉಪನ್ಯಾಸವೇ ಆಗಬೇಕೆಂದಿಲ್ಲ. ಮಾಡುವ ಕೆಲಸಕ್ಕೆ ಸಂಬಂಧಪಟ್ಟಿದ್ದರೆ ಸಂಶೋಧನಾ ಲೇಖನ ಓದಿದ್ದೂ ಸಲ್ಲುತ್ತದೆ, ಸಹೋದ್ಯೋಗಿಗಳ ಜೊತೆ ಪ್ರಕರಣ ಚರ್ಚಿಸಿದ್ದೂ ಸಲ್ಲುತ್ತದೆ, ಅನುಭವಿಯೊಬ್ಬರ ಪಕ್ಕದಲ್ಲಿ ನಿಂತು ನೋಡಿ ಕಲಿತದ್ದೂ ಸಲ್ಲುತ್ತದೆ. ಯೋಜನೆ ಹಾಕಿಕೊಂಡು, ಕಲಿತು, ದಾಖಲಿಸಿ, ಅದರಿಂದ ಏನು ಬದಲಾಯಿತೆಂದು ಯೋಚಿಸಿ ಬರೆಯಬೇಕು. ಕಾಲೇಜಿನ ಒನ್‌ಸಿಪಿಡಿ ಎಂಬ ಆ್ಯಪ್‌ನಲ್ಲಿ ಇದೆಲ್ಲ ನಡೆಯುತ್ತದೆ. ಹೀಗೆ ಯೋಚಿಸಿ ಬರೆಯುವುದು 2022ರಿಂದ ಕಡ್ಡಾಯ.

ಒಂದು ಉದಾಹರಣೆ ಕೊಡುತ್ತೇನೆ. ಬೆಕ್ಕು ನೋವನ್ನು ಬಚ್ಚಿಟ್ಟುಕೊಳ್ಳುವ ಪ್ರಾಣಿ. ಆಪರೇಷನ್ ಆದ ಮೇಲೆ ಗೂಡಿನ ಮೂಲೆಯಲ್ಲಿ ಮುದುಡಿ ಕುಳಿತರೆ ಅಂಜಿಕೊಂಡಿದೆಯೋ, ಮಂಪರಿನಲ್ಲಿದೆಯೋ, ನೋಯುತ್ತಿದೆಯೋ ತಿಳಿಯುವುದು ಸುಲಭವಲ್ಲ. 2019ರಲ್ಲಿ ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದವರು ಬೆಕ್ಕಿನ ಮುಖ ನೋಡಿ ನೋವನ್ನು ಅಳೆಯುವ ವಿಧಾನವೊಂದನ್ನು ಪ್ರಕಟಿಸಿದರು. ಕಿವಿಗಳು ಹೇಗೆ ನಿಂತಿವೆ, ಕಣ್ಣು ಎಷ್ಟು ಕಿರಿದಾಗಿದೆ, ಮೂತಿ ಬಿಗಿದಿದೆಯೇ, ಮೀಸೆ ಎತ್ತ ಚಾಚಿದೆ, ತಲೆ ಭುಜಕ್ಕಿಂತ ಮೇಲಿದೆಯೋ ಕೆಳಗಿದೆಯೋ ಎಂಬ ಐದು ಸಂಗತಿ ನೋಡಿ, ಒಂದೊಂದಕ್ಕೂ ಸೊನ್ನೆಯಿಂದ ಎರಡರವರೆಗೆ ಅಂಕ ಕೊಡುವುದು. ಹತ್ತಕ್ಕೆ ನಾಲ್ಕು ಅಥವಾ ಹೆಚ್ಚು ಬಂದರೆ ನೋವಿನ ಔಷಧಿ ಬೇಕೆಂದು ಅರ್ಥ. ಯಾರು ಬೇಕಾದರೂ ಕಾಸು ಕೊಡದೆ ಬಳಸಬಹುದು. ನಾನು ಮಗನನ್ನು ಮಲಗಿಸಿದ ಮೇಲೆ ಆ ಲೇಖನ ಓದಿದೆ, ಚಿತ್ರಗಳನ್ನು ನೋಡಿ ನೋಡಿ ಅಭ್ಯಾಸ ಮಾಡಿಕೊಂಡೆ.

ಆಮೇಲೆ ಲೋಕಮ್ ಆಗಿ ಹೋದ ಒಂದು ಆಸ್ಪತ್ರೆಯಲ್ಲಿ, ಗರ್ಭಕೋಶ ತೆಗೆದಿದ್ದ ಬೂದು ಬಣ್ಣದ ಮರಿಬೆಕ್ಕೊಂದು ಸುಮ್ಮನೆ ಕುಳಿತಿತ್ತು. ಹಾಳೆಯಲ್ಲಿ 'ಆರಾಮಾಗಿದೆ' ಎಂದು ಬರೆದಿತ್ತು. ಕಿವಿಗಳು ಪಕ್ಕಕ್ಕೆ ಬಾಗಿ ಒಂದರಿಂದೊಂದು ದೂರವಾಗಿದ್ದವು. ಕಣ್ಣು ಅರ್ಧ ಮುಚ್ಚಿತ್ತು. ತಲೆ ಭುಜಕ್ಕಿಂತ ಕೆಳಗಿತ್ತು. ಲೆಕ್ಕ ಹಾಕಿದರೆ ಐದು ಬಂತು. ವೆಟ್ ಬಳಿ ಹೋಗಿ ಬೆಕ್ಕಿಗೆ ನೋವಿದೆ ಅನಿಸುತ್ತದೆ ಎನ್ನುವುದಕ್ಕೂ ಐದು ಅಂಕ ಬಂದಿದೆ, ಇವು ಕಾರಣಗಳು ಎನ್ನುವುದಕ್ಕೂ ತುಂಬ ವ್ಯತ್ಯಾಸವಿದೆ. ಅವರು ಬಂದು ನೋಡಿ ಮತ್ತೊಂದು ಡೋಸ್ ಮೆಥಡೋನ್ ಬರೆದರು. ಸ್ವಲ್ಪ ಹೊತ್ತಿಗೆ ಮರಿ ಎದ್ದು ಬಂದು ಊಟದ ತಟ್ಟೆ ಮೂಸಿತು. ನಾನು ಆ್ಯಪ್‌ನಲ್ಲಿ ಬರೆದದ್ದು ಇದನ್ನೇ: ಏನು ಓದಿದೆ, ಎಲ್ಲಿ ಬಳಸಿದೆ, ಅಪರಿಚಿತ ವೆಟ್‌ಗೆ ಹೇಗೆ ಹೇಳಿದರೆ ಮಾತು ಮುಟ್ಟುತ್ತದೆ. ಯಾವ ಆಸ್ಪತ್ರೆಗೆ ಹೋದರೂ ನನ್ನ ಚೀಲದಲ್ಲಿ ಈಗ ಆ ಹಾಳೆಯಿರುತ್ತದೆ. ವರ್ಷಕ್ಕೆ 15 ಗಂಟೆ ತುಂಬಿಸುವುದೇ ಗುರಿಯಾದರೆ ಡಿಸೆಂಬರಿನಲ್ಲಿ ಕುಳಿತು ಒಂದರ ಹಿಂದೊಂದು ವಿಡಿಯೋ ಓಡಿಸಿಬಿಡಬಹುದು. ಆ ಗಂಟೆಗಳಿಂದ ಯಾವ ಬೆಕ್ಕಿಗೂ ಏನೂ ಸಿಗುವುದಿಲ್ಲ.

ಸಹಾಯವಾಣಿಯ ಕೆಲಸವನ್ನೂ ಕೆಲವರು ನರ್ಸಿಂಗ್ ಎಂದು ಒಪ್ಪುವುದಿಲ್ಲ. ಹೆಡ್‌ಫೋನ್ ಹಾಕಿಕೊಂಡು ಕೂರುವುದು ತಾನೆ ಎನ್ನುತ್ತಾರೆ. ಗಂಡು ಬೆಕ್ಕೊಂದು ಮತ್ತೆ ಮತ್ತೆ ಮರಳಿನ ತಟ್ಟೆಗೆ ಹೋಗಿ ತಿಣುಕುತ್ತಿದೆ, ಮಲಬದ್ಧತೆ ಇರಬೇಕು, ನಾಳೆ ತೋರಿಸಿದರೆ ಸಾಕಲ್ಲವೇ ಎಂದು ಮಾಲೀಕರು ಕೇಳುತ್ತಾರೆ. ಉಚ್ಚೆ ಹೊಯ್ದಿದ್ದನ್ನು ಕೊನೆಯ ಸಲ ನೋಡಿದ್ದು ಯಾವಾಗ ಎಂದು ನಾನು ಕೇಳುತ್ತೇನೆ. ನೆನಪಿಲ್ಲ ಎಂದರೆ ನಾಳೆಯವರೆಗೆ ಕಾಯಬೇಡಿ, ಈಗಲೇ ಹೊರಡಿ ಎನ್ನುತ್ತೇನೆ. ಗಂಡು ಬೆಕ್ಕಿನ ಮೂತ್ರನಾಳ ಕಟ್ಟಿಕೊಂಡರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಒಂದೆರಡು ದಿನದಲ್ಲೇ ಹೃದಯ ನಿಂತುಬಿಡಬಹುದು. ಇದೇ ರೋಗವೆಂದು ಹೇಳುವ ಅಧಿಕಾರ ನನಗಿಲ್ಲ, ನಾನು ಹೇಳುವುದೂ ಇಲ್ಲ. ಎಷ್ಟು ಬೇಗ ಪಶುವೈದ್ಯರ ಬಳಿ ಹೋಗಬೇಕು ಎಂಬುದನ್ನು ಮಾತ್ರ ಹೇಳುತ್ತೇನೆ. ಹಾಗೆ ಹೇಳಲು ಬೇಕಾದ ತಿಳಿವಳಿಕೆ ಬಂದದ್ದು ಆಸ್ಪತ್ರೆಯ ನೆಲದ ಮೇಲೆ ಅಂಥ ಬೆಕ್ಕುಗಳನ್ನು ಹಿಡಿದುಕೊಂಡು ಕುಳಿತ ರಾತ್ರಿಗಳಿಂದ.

ರಕ್ತದಾನ ಶಿಬಿರದ ಬಗ್ಗೆ ಊರಿನಲ್ಲಿ ಹೇಳಿದಾಗ ಮಕ್ಕಳೆಲ್ಲ ಸುತ್ತ ಸೇರಿದ್ದರು. ಇಲ್ಲಿ 2007ರಿಂದ ಪೆಟ್ ಬ್ಲಡ್ ಬ್ಯಾಂಕ್ ಎಂಬ ದತ್ತಿ ಸಂಸ್ಥೆ ನಾಯಿಗಳ ರಕ್ತ ಸಂಗ್ರಹಿಸಿ ದೇಶದ ಆಸ್ಪತ್ರೆಗಳಿಗೆ ಕೊಡುತ್ತಿದೆ. ಒಂದರಿಂದ ಎಂಟು ವರ್ಷದೊಳಗಿನ, 25 ಕಿಲೋಗಿಂತ ಹೆಚ್ಚು ತೂಕದ, ಆರೋಗ್ಯವಂತ, ವಿದೇಶ ಸುತ್ತದ ನಾಯಿಗಳನ್ನು ಮಾಲೀಕರೇ ಕರೆತರುತ್ತಾರೆ. ಪಶುವೈದ್ಯರು ಪರೀಕ್ಷಿಸಿದ ಮೇಲೆ ಕುತ್ತಿಗೆಯ ಕೂದಲನ್ನು ಒಂದಿಷ್ಟು ಕತ್ತರಿಸಿ, ಸುಮಾರು 450 ಮಿಲಿ ರಕ್ತ ತೆಗೆಯುತ್ತಾರೆ. ಮಂಪರು ಔಷಧಿಯಿಲ್ಲ. ನಾಯಿ ಮೇಜಿನ ಮೇಲೆ ಒರಗಿ ಮಲಗಿರುತ್ತದೆ. ಅದರ ತಲೆ ಸವರುತ್ತಾ ಉಸಿರು, ನಾಡಿ, ವಸಡಿನ ಬಣ್ಣ ನೋಡುತ್ತಿರುವುದು ನರ್ಸ್ ಕೆಲಸ. ಒಲ್ಲೆನೆಂದು ಅದು ಎದ್ದರೆ ಅಲ್ಲಿಗೆ ಬಿಟ್ಟುಬಿಡುತ್ತೇವೆ.

ನೋಂದಣಿ ಎಂಬುದು ಕೆಲಸದ ಹೊತ್ತಿಗಷ್ಟೇ ಸಂಬಂಧಪಟ್ಟದ್ದಲ್ಲ ಎಂಬುದು ನಮ್ಮ ಕನ್ನಡದವರ ನಡುವೆ ನನಗೆ ಆಗಾಗ ಗೊತ್ತಾಗುತ್ತದೆ. ಒಂದು ಯುಗಾದಿಯ ಸಂಜೆ ಎಲ್ಲರೂ ಒಬ್ಬರ ಮನೆಯಲ್ಲಿ ಸೇರಿದ್ದಾಗ, ಪಾಯಸಕ್ಕೆಂದು ತೆಗೆದಿಟ್ಟಿದ್ದ ಒಣದ್ರಾಕ್ಷಿಯ ಬಟ್ಟಲನ್ನು ಮನೆಯ ಲ್ಯಾಬ್ರಡಾರ್ ಖಾಲಿ ಮಾಡಿತು. ಬಹಳ ಜನರಿಗೆ ತಿಳಿಯದ ಸಂಗತಿ ಇದು: ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನು ಹಾಳು ಮಾಡಬಲ್ಲವು. ಎಷ್ಟು ತಿಂದರೆ ಅಪಾಯ ಎಂಬುದು ನಾಯಿಯಿಂದ ನಾಯಿಗೆ ಬದಲಾಗುತ್ತದೆ.

"ಅಕ್ಕ, ಉಪ್ಪುನೀರು ಕುಡಿಸಿ ವಾಂತಿ ಮಾಡಿಸ್ಲಾ?" ಎಂದಳು ಆ ಮನೆಯ ಹುಡುಗಿ.

"ಬೇಡಮ್ಮ, ಉಪ್ಪೇ ಅದಕ್ಕೆ ವಿಷ ಆಗ್ಬಿಡುತ್ತೆ. ಬಟ್ಟಲಲ್ಲಿ ಎಷ್ಟಿತ್ತು ಹೇಳು, ಅದರ ತೂಕ ಎಷ್ಟು?"

"ನೀವೇ ನರ್ಸ್ ಅಲ್ವಾ ಅಕ್ಕ, ನೀವೇ ಏನಾದ್ರೂ ಕೊಟ್ಬಿಡಿ. ಆಸ್ಪತ್ರೆ ಅಂದ್ರೆ ನೂರಾರು ಪೌಂಡು."

ಅವಳ ಚಿಂತೆ ನನಗೆ ಅರ್ಥವಾಗುತ್ತಿತ್ತು. ಆದರೂ ಕೊಡುವಂತಿರಲಿಲ್ಲ, ಏನೂ ಆಗುವುದಿಲ್ಲ ಬಿಡು ಎಂದು ಸಮಾಧಾನ ಹೇಳುವಂತೆಯೂ ಇರಲಿಲ್ಲ. ನಾಯಿಯ ತೂಕ, ತಿಂದ ಪ್ರಮಾಣ, ತಿಂದ ಸಮಯ ಬರೆದುಕೊಂಡು ನಾನೇ ತುರ್ತು ಚಿಕಿತ್ಸೆಯ ಆಸ್ಪತ್ರೆಗೆ ಫೋನ್ ಮಾಡಿಕೊಟ್ಟೆ. ಅಲ್ಲಿ ಅಪೋಮಾರ್ಫಿನ್ ಎಂಬ ಇಂಜೆಕ್ಷನ್ ಕೊಟ್ಟು ವಾಂತಿ ಮಾಡಿಸಿದರು, ಡ್ರಿಪ್ ಹಾಕಿ ಮೂತ್ರಪಿಂಡದ ರಕ್ತಪರೀಕ್ಷೆ ಮಾಡಿದರು, ನಾಯಿ ಉಳಿಯಿತು. ಹೊಟ್ಟೆಯಿಂದ ಹೊರತೆಗೆಯಲು ಮೊದಲ ಎರಡು ಗಂಟೆ ಬಹಳ ಮುಖ್ಯ. ಅವರು ಆ ಹೊತ್ತಿನೊಳಗೆ ತಲುಪಿದ್ದರು. ಹಬ್ಬದ ಮನೆಯಲ್ಲಿ ಸೀರೆಯುಟ್ಟು ನಿಂತಿದ್ದರೂ ನಾನು ಆಡುವ ಮಾತು ನೋಂದಾಯಿತ ನರ್ಸ್ ಆಡಿದ ಮಾತೇ ಆಗುತ್ತದೆ. ಮೊದಲ ಸಲ ರಿಜಿಸ್ಟರಿಗೆ ಹೆಸರು ಸೇರಿಸುವಾಗ ನಾವು ಮಾಡುವ ಪ್ರತಿಜ್ಞೆಯಲ್ಲಿ ಎಲ್ಲಕ್ಕಿಂತ ಮಿಗಿಲಾಗಿ ಪ್ರಾಣಿಯ ಆರೋಗ್ಯ ಮತ್ತು ಹಿತ ಎಂದಿದೆ. ಅದರಲ್ಲಿ ಪಾಳಿ, ಸಂಬಳ, ಕಾಯಂ ಎಂಬ ಷರತ್ತುಗಳಿಲ್ಲ.

ನವೀಕರಣದ ವಿಧಾನ ಸರಳ. ವರ್ಷದ ಕೊನೆಗೆ ಶುಲ್ಕ ಕಟ್ಟಬೇಕು, ಕಲಿಕೆ ಪೂರೈಸಿದ್ದೇನೆಂದು ಖಚಿತಪಡಿಸಬೇಕು, ಯಾವುದಾದರೂ ಅಪರಾಧದಲ್ಲಿ ಶಿಕ್ಷೆಯಾಗಿದ್ದರೆ ಹೇಳಬೇಕು. ಡಿಸೆಂಬರ್ 31ರೊಳಗೆ ಕಟ್ಟದಿದ್ದರೆ ಹೆಸರು ತೆಗೆದುಹಾಕುತ್ತಾರೆ. ಹೆಸರಿಲ್ಲದ ನರ್ಸ್ ಎಷ್ಟೇ ಅನುಭವಿಯಾದರೂ ಕಾನೂನಿನ ಕಣ್ಣಿನಲ್ಲಿ ಸಾಮಾನ್ಯ ವ್ಯಕ್ತಿ. ಶೆಡ್ಯೂಲ್ ಥ್ರೀ ಕೆಲಸ ಮಾಡಿದರೆ ಅಪರಾಧ. ರಿಜಿಸ್ಟರ್ ಸಾರ್ವಜನಿಕವಾಗಿ ತೆರೆದೇ ಇರುತ್ತದೆ, ಯಾರು ಬೇಕಾದರೂ ಹುಡುಕಿ ನೋಡಬಹುದು. ಲೋಕಮ್‌ಗಳನ್ನು ಕಳಿಸುವ ಏಜೆನ್ಸಿಗಳು ನೋಡಿಯೇ ಕಳಿಸುತ್ತವೆ. ಹೆರಿಗೆ, ಕಾಯಿಲೆ, ಮನೆಯ ಕಷ್ಟ ಬಂದಾಗ ಕಲಿಕೆಯ ಗಂಟೆಗಳನ್ನು ಆರು ತಿಂಗಳವರೆಗೆ ತಡೆಹಿಡಿಯಲು ಅವಕಾಶವಿದೆ. ಮಗ ಹುಟ್ಟಿದ ವರ್ಷ ನಾನು ಅದನ್ನು ಬಳಸಿಕೊಂಡೆ. ಕೇಳಿದರೆ ಕೊಡುತ್ತಾರೆ, ಕೇಳಬೇಕು ಅಷ್ಟೇ.

ನನ್ನ ಜೊತೆ ಓದಿದ ಮೈಸೂರಿನ ಗೆಳತಿ ತಂದೆಯ ಆರೈಕೆಗೆಂದು ಊರಿಗೆ ಹಿಂತಿರುಗಿದಾಗ ನೋಂದಣಿ ಬಿಟ್ಟುಕೊಟ್ಟಳು. ಐದು ವರ್ಷಕ್ಕಿಂತ ಹೆಚ್ಚು ಕಾಲ ರಿಜಿಸ್ಟರಿನಿಂದ ಹೊರಗಿದ್ದವರು ಮರಳಬೇಕಾದರೆ ಮೇಲ್ವಿಚಾರಣೆಯಲ್ಲಿ ಮತ್ತೆ ದುಡಿದು ಕೈ ಪಳಗಿದೆಯೆಂದು ತೋರಿಸಬೇಕು. ಮತ್ತೆ ಇಲ್ಲಿಗೆ ಬಂದಿರುವ ಅವಳೀಗ ಅದನ್ನೇ ಮಾಡುತ್ತಿದ್ದಾಳೆ. ನಿಯಮ ಕಠಿಣ ಎನ್ನುವ ಬೇಸರ ಅವಳಿಗಿಲ್ಲ. ಐದು ವರ್ಷದಲ್ಲಿ ಔಷಧಿಗಳೂ ಯಂತ್ರಗಳೂ ಇಷ್ಟು ಬದಲಾಗಿವೆ ಎಂಬ ಬೆರಗಿದೆ.

ಈ ವ್ಯವಸ್ಥೆಯಲ್ಲೂ ದೊಡ್ಡ ಕೊರತೆಯಿದೆ. ಬ್ರಿಟನ್ನಿನಲ್ಲಿ ವೆಟರ್ನರಿ ನರ್ಸ್ ಎಂಬ ಹೆಸರಿಗೆ ಕಾನೂನಿನ ರಕ್ಷಣೆಯಿಲ್ಲ. ಯಾವ ತರಬೇತಿಯೂ ಇಲ್ಲದವರು ಹಾಗೆ ಕರೆದುಕೊಂಡರೂ ತಡೆಯುವಂತಿಲ್ಲ. ಬ್ರಿಟಿಷ್ ವೆಟರ್ನರಿ ನರ್ಸಿಂಗ್ ಅಸೋಸಿಯೇಷನ್ ಇದಕ್ಕಾಗಿ ಹೋರಾಡುತ್ತಾ ಬಂದಿದೆ. ಹೆಸರನ್ನು ರಕ್ಷಿಸಬೇಕು, ನರ್ಸ್‌ಗಳ ಕೆಲಸದ ವ್ಯಾಪ್ತಿ ಹಿಗ್ಗಿಸಬೇಕು ಎಂದು 2021ರಲ್ಲಿ ಕಾಲೇಜಿನ ಆಡಳಿತ ಮಂಡಳಿಯೂ ಶಿಫಾರಸು ಮಾಡಿತು. 1966ರ ಕಾಯ್ದೆಯನ್ನೇ ಬದಲಿಸದೆ ಅದು ಆಗುವುದಿಲ್ಲ. ಬೆಕ್ಕನ್ನು ಆಪರೇಷನ್ನಿಗೆ ಬಿಟ್ಟುಹೋಗುವ ಮನುಷ್ಯನಿಗೆ, ರಾತ್ರಿಯಿಡೀ ಅದನ್ನು ನೋಡಿಕೊಳ್ಳುವವರು ಯಾರು ಎಂದು ತಿಳಿಯುವ ಹಕ್ಕಿದೆ. ಇದಕ್ಕೆ ಇಷ್ಟು ವರ್ಷ ಕಾಯಬೇಕಾಗಿ ಬಂದಿರುವುದು ನನಗೆ ಒಪ್ಪಿಗೆಯಿಲ್ಲ.

ಊರಿನಲ್ಲಿರುವ ನಮ್ಮ ಚಿಕ್ಕಪ್ಪ ಪಶುಪಾಲನಾ ಇಲಾಖೆಯಲ್ಲಿ ಜಾನುವಾರು ಅಧಿಕಾರಿಯಾಗಿದ್ದವರು. ಕಾಲುಬಾಯಿ ಜ್ವರ, ಚಪ್ಪೆ ರೋಗ, ಗಳಲೆ ರೋಗದ ಲಸಿಕೆ ಹಾಕುತ್ತಾ ಸೈಕಲ್ಲಿನಲ್ಲಿ ಹಳ್ಳಿ ಹಳ್ಳಿ ಸುತ್ತಿದವರು. ನನ್ನ ಶೆಡ್ಯೂಲ್ ಥ್ರೀ ಕಥೆ ಕೇಳಿ ಅವರು ನಮ್ಮಲ್ಲೂ ಇದೆಯಲ್ಲಮ್ಮ ಎಂದರು. ನಿಜ. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆಯ 30ನೇ ಕಲಮು ಚಿಕಿತ್ಸೆಯನ್ನು ನೋಂದಾಯಿತ ಪಶುವೈದ್ಯರಿಗೆ ಮೀಸಲಿಟ್ಟು, ಡಿಪ್ಲೊಮಾ ಅಥವಾ ಸರ್ಟಿಫಿಕೇಟ್ ಪಡೆದ ಸಿಬ್ಬಂದಿ ಪಶುವೈದ್ಯರ ಮೇಲ್ವಿಚಾರಣೆ ಮತ್ತು ನಿರ್ದೇಶನದಲ್ಲಿ ಲಸಿಕೆ, ಹಿಡ ಮಾಡುವುದು, ಗಾಯಕ್ಕೆ ಪಟ್ಟಿ ಕಟ್ಟುವುದು ಮೊದಲಾದ ಸಣ್ಣ ಸೇವೆ ಕೊಡಲು ರಾಜ್ಯ ಸರ್ಕಾರ ಆದೇಶದ ಮೂಲಕ ಅನುಮತಿಸಬಹುದು ಎನ್ನುತ್ತದೆ. ಎರಡು ಕಾಯ್ದೆಗಳ ತಿರುಳು ಒಂದೇ. ನಮ್ಮಲ್ಲಿ ಅನುಮತಿ ಬರುವುದು ಸರ್ಕಾರದ ಆದೇಶದಿಂದ. ಆ ಕಾಯ್ದೆಯಡಿ ಇರುವ ರಿಜಿಸ್ಟರ್ ಪಶುವೈದ್ಯರದು. ಚಿಕ್ಕಪ್ಪನಂಥವರಿಗೆ ಅದರಲ್ಲಿ ಜಾಗವಿಲ್ಲ.

"ರಿಟೈರ್ ಆದ್ಮೇಲೆ ಏನ್ ಹೊಸದು ಕಲಿತೆ ಅಂತ ನನ್ನ ಯಾರೂ ಕೇಳಿಲ್ಲ ಕಣಮ್ಮ. ಹಸು ಇರೋರು ಮಾತ್ರ ಇವತ್ತೂ ಬಾಗಿಲು ತಟ್ತಾರೆ," ಎಂದರು. ಕರೆದವರಿಗೆಲ್ಲ ಅವರು ಈಗ ಡಾಕ್ಟರ ಫೋನ್ ನಂಬರು ಕೊಡುತ್ತಾರೆ.

ಬೀದರಿನ ಪಶು ವಿಶ್ವವಿದ್ಯಾಲಯದ ಪಾಲಿಟೆಕ್ನಿಕ್‌ಗಳಲ್ಲಿ ಪಶುಸಂಗೋಪನಾ ಡಿಪ್ಲೊಮಾ ಓದುತ್ತಿರುವ ಮಕ್ಕಳು ನಮ್ಮ ಊರಿನಲ್ಲೂ ಇದ್ದಾರೆ. ಅವರಲ್ಲಿ ಎಲ್ಲರಿಗೂ ಸರ್ಕಾರಿ ಕೆಲಸ ಸಿಗುವುದಿಲ್ಲ. ಬೆಂಗಳೂರಿನ ಖಾಸಗಿ ಸಾಕುಪ್ರಾಣಿ ಆಸ್ಪತ್ರೆಗಳಲ್ಲಿ ರಾತ್ರಿ ಪಾಳಿ ಮಾಡುವವರು, ಡೈರಿಗಳಲ್ಲಿ ದುಡಿಯುವವರು, ಅಲ್ಲಿಂದಿಲ್ಲಿಗೆ ಕೆಲಸ ಬದಲಿಸುವವರು ಅವರಲ್ಲಿದ್ದಾರೆ. ಇಂಥವರ ಕಲಿಕೆ ಅವರ ಹೆಸರಿನಲ್ಲೇ ದಾಖಲಾಗುವ, ಕೆಲಸ ಬದಲಾದರೂ ಜೊತೆಗೆ ಬರುವ ಒಂದು ರಿಜಿಸ್ಟರ್ ನಮ್ಮ ರಾಜ್ಯದಲ್ಲೂ ಬರಬೇಕು. ಇಲ್ಲಿನವರಿಗೆ ಅದನ್ನು ಕಟ್ಟಲು ಐವತ್ತು ವರ್ಷ ಹಿಡಿಯಿತು. ನಾವು ಅಷ್ಟು ಕಾಲ ತೆಗೆದುಕೊಳ್ಳಬೇಕಾಗಿಲ್ಲ.

ಈ ಸಲದ ನವೀಕರಣ ಮುಗಿಸಿದ್ದೇನೆ. ಮುಂದಿನ ವರ್ಷದ ಕಲಿಕೆಯ ಯೋಜನೆಯಲ್ಲಿ ಮೊದಲು ಬರೆದುಕೊಂಡಿರುವುದು ಚಪ್ಪಟೆ ಮುಖದ ನಾಯಿಗಳ ಅರಿವಳಿಕೆ. ಫ್ರೆಂಚ್ ಬುಲ್‌ಡಾಗ್‌ಗಳು ಈಗ ಎಲ್ಲ ಆಸ್ಪತ್ರೆಯಲ್ಲೂ ತುಂಬಿವೆ. ಮೂಗಿನ ಹೊಳ್ಳೆ ಕಿರಿದು, ಅಂಗುಳ ಉದ್ದ. ಆಪರೇಷನ್ ಮುಗಿದ ಮೇಲೆ ಉಸಿರಿನ ಕೊಳವೆಯನ್ನು ಅವಸರದಲ್ಲಿ ತೆಗೆದರೆ ಗಂಟಲು ಮುಚ್ಚಿಕೊಳ್ಳುತ್ತದೆ. ನಾಯಿ ತಲೆಯೆತ್ತಿ, ಕೊಳವೆ ಬೇಡವೆಂದು ತಾನೇ ಅಗಿಯುವವರೆಗೆ ಪಕ್ಕದಲ್ಲಿ ಕಾಯಬೇಕು. ಅಂಥ ನಾಯಿಗಳನ್ನೇ ಹೆಚ್ಚಾಗಿ ನೋಡುವ ಆಸ್ಪತ್ರೆಯಲ್ಲಿ ಅರಿವಳಿಕೆ ನರ್ಸ್ ಒಬ್ಬರಿದ್ದಾರೆ, ಅವರ ಜೊತೆ ನಿಂತು ಕಲಿಯಲು ಒಪ್ಪಿಗೆ ಸಿಕ್ಕಿದೆ. ಜನವರಿಯಲ್ಲಿ ಹೋಗುತ್ತೇನೆ.